ಒಪ್ಪಂದ ಮುರಿದಾಗ ನಷ್ಟ ಯಾರ ಪಾಲು? ಕಡೂರು, ತರೀಕೆರೆ, ಅಜ್ಜಂಪುರ ಕಂಡ ಲೋಕವ್ಯಾಪಾರ

ದೇಶದೇಶಗಳ ನಡುವಿನ ಆರ್ಥಿಕ ಸಹಕಾರದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಒಪ್ಪಂದಕ್ಕೆ ಸಹಿ ಬಿದ್ದ ಊರುಗಳಿಂದ ಶುರು ಮಾಡುತ್ತಾರೆ. 1944ರ ಬ್ರೆಟನ್ ವುಡ್ಸ್, 1947ರ ಜಿನೀವಾ, 1948ರ ಹವಾನಾ, 1994ರ ಮರ್ರಾಕೇಶ್. ಅಲ್ಲಿ ಯಾರು ಏನು ಕೇಳಿದರು, ಯಾರು ಯಾರಿಗೆ ಮಣಿದರು ಎಂಬುದು ತಿಳಿಯಲೇಬೇಕಾದ ವಿಷಯ. ಆದರೆ ಸಹಿ ಬಿದ್ದ ಕಾಗದ ಕೆಲಸಕ್ಕೆ ಬಾರದೆ ಹೋದ ಮೇಲೆ ಏನಾಯಿತೆಂದು ನೋಡಬೇಕಾದರೆ ಸರಕು ಬೆಳೆಯುವ ಊರಿಗೇ ಬರಬೇಕು. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳು ಇದಕ್ಕೆ ಒಳ್ಳೆಯ ಜಾಗ. ಪಡುವಣಕ್ಕೆ ಬಾಬಾಬುಡನ್‌ಗಿರಿಯ ಇಳಿಜಾರು, ಅದರ ಕಾಫಿ ಮತ್ತು ಕಬ್ಬಿಣದ ಅದಿರು. ನಡುವೆ ಅಡಿಕೆ, ತೆಂಗು. ಮೂಡಣಕ್ಕೆ ಎರೆ ಭೂಮಿ, ಈರುಳ್ಳಿ, ದನ ಮೇಯುವ ಕಾವಲು. ಮಲೆನಾಡೂ ಬಯಲುಸೀಮೆಯೂ ಕೂಡುವ ಈ ಅಂಚಿನ ನೆಲಕ್ಕೆ ಲೋಕದ ದೊಡ್ಡ ಜಗಳಗಳು ಹೊಸವೇನೂ ಅಲ್ಲ.

1991ರವರೆಗೆ ನಮ್ಮ ಹಳ್ಳಿಗಳು ತಮ್ಮ ಪಾಡಿಗೆ ತಾವಿದ್ದವು, ಆಮೇಲೆ ಜಾಗತೀಕರಣ ಬಂದು ಅವನ್ನು ಕದಡಿತು ಎಂಬ ಮಾತು ಕನ್ನಡದ ಭಾಷಣಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಮೃತಮಹಲ್ ದನಗಳ ಚರಿತ್ರೆ ಒಂದೇ ಸಾಕು, ಈ ಮಾತು ನಿಲ್ಲುವುದಿಲ್ಲ.

ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಬೆಣ್ಣೆಯ ಹೆಸರಿದ್ದರೂ ಅದರ ನಿಜವಾದ ಕಸುವು ಹೋರಿಗಳಲ್ಲಿತ್ತು. ಫಿರಂಗಿ ಎಳೆಯುವುದಕ್ಕೆ, ಸೈನ್ಯದ ಸಾಮಾನು ಸಾಗಿಸುವುದಕ್ಕೆ ಆ ಕಾಲದಲ್ಲಿ ಇದಕ್ಕಿಂತ ಚುರುಕಾದ ಎತ್ತು ಇರಲಿಲ್ಲ. ಈ ದನಗಳ ಬಲದಿಂದ ಹೈದರ್ ಅಲಿಯ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತೆಂದು ಲೂಯಿ ರೈಸ್ ತಮ್ಮ ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾರೆ. ಮೈಸೂರು ಮತ್ತು ಈಸ್ಟ್ ಇಂಡಿಯಾ ಕಂಪನಿಯ ನಡುವಿನ ಯುದ್ಧಗಳ ಬೆನ್ನಿಗೆ ಇಂಗ್ಲೆಂಡ್ ಮತ್ತು ಫ್ರಾನ್ಸಿನ ಪೈಪೋಟಿ ಇತ್ತು. ನೆಪೋಲಿಯನ್ ಈಜಿಪ್ಟಿಗೆ ಇಳಿದ ಮರುವರ್ಷವೇ, 1799ರಲ್ಲಿ, ಶ್ರೀರಂಗಪಟ್ಟಣ ಬಿತ್ತು. ಕೋಟೆ, ಖಜಾನೆಗಳ ಜೊತೆಗೆ ದನದ ಮಂದೆಗಳೂ ಇಂಗ್ಲಿಷರ ಕೈ ಸೇರಿದವು. ದಖ್ಖನಿನ ಯುದ್ಧಗಳಲ್ಲಿ ಈ ಎತ್ತುಗಳ ಕೆಲಸ ಕಂಡಿದ್ದ ಆರ್ಥರ್ ವೆಲ್ಲೆಸ್ಲಿ ಮುಂದೆ ಸ್ಪೇನ್, ಪೋರ್ಚುಗಲ್ ನೆಲದಲ್ಲಿ ಫ್ರೆಂಚರ ಎದುರು ಕಾದಾಡುವಾಗ ಅವು ತನ್ನ ಬಳಿ ಇಲ್ಲವೆಂದು ಹಳಹಳಿಸಿದನಂತೆ. 1842ರಲ್ಲಿ ಇವು ಆಫ್ಘಾನಿಸ್ತಾನದ ಯುದ್ಧಕ್ಕೂ ಹೋದವು. ಆ ಯುದ್ಧದ ಮೂಲ ರಷ್ಯಾದ ಬಗ್ಗೆ ಇಂಗ್ಲೆಂಡಿಗಿದ್ದ ಭಯ. ಕಾಬೂಲಿನ ಯುದ್ಧಕ್ಕೆ ಮೈಸೂರು ಸೀಮೆಯ ಹುಲ್ಲುಗಾವಲುಗಳು ಬೆನ್ನಾಗಿ ನಿಂತದ್ದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ, ಹೇಳಬೇಕು.

ಇಷ್ಟಾಗಿ 1860ರಲ್ಲಿ ಖರ್ಚು ಉಳಿಸಬೇಕೆಂದು ಸರ್ಕಾರ ಇಡೀ ಮಂದೆಯನ್ನೇ ಮಾರಿಹಾಕಿತು. ಐದಾರು ವರ್ಷದಲ್ಲಿ ತಪ್ಪಿನ ಅರಿವಾಗಿ 1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಮೈಸೂರು ಅರಸರಿಗೆ ರಾಜ್ಯ ಮರಳಿದ ಮೇಲೆ, 1882ರಲ್ಲಿ, ಅದು ಮೈಸೂರು ಸರ್ಕಾರದ ಕೈಗೆ ಬಂತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಇವತ್ತಿಗೂ ಆ ತಳಿಯನ್ನು ಉಳಿಸಿಕೊಂಡಿದೆ. ಬೀರೂರು, ಬಾಸೂರು, ಲಿಂಗದಹಳ್ಳಿ ಕಡೆಯ ಕಾವಲುಗಳಲ್ಲಿ ಬಾಸೂರಿನದು ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಎಂದು 2011ರಲ್ಲಿ ಘೋಷಣೆಯಾಯಿತು. ಇದೇ ಸರಣಿಗೆ ಸೇರಿದ ಚಳ್ಳಕೆರೆಯ ಕಾವಲುಗಳು ಮಾತ್ರ ಈ ಶತಮಾನದಲ್ಲಿ ಮತ್ತೆ ರಕ್ಷಣಾ ಮತ್ತು ಅಣುಶಕ್ತಿ ಸಂಸ್ಥೆಗಳ ಪಾಲಾದವು. ಕಾವಲಿನ ಅಂಚಿನಲ್ಲಿ ಕುರಿ, ದನ ಮೇಯಿಸುತ್ತಿದ್ದವರನ್ನು ಹೈದರನ ಕಾಲದಲ್ಲೂ ಕೇಳಲಿಲ್ಲ, ಕಂಪನಿಯ ಕಾಲದಲ್ಲೂ ಕೇಳಲಿಲ್ಲ. ಚಳ್ಳಕೆರೆಯಲ್ಲಿ ಊರವರು ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿ ಕೇಳಿಸಿಕೊಳ್ಳಬೇಕಾಯಿತು.

ರೈಲಿನದು ಚಿಕ್ಕ ಕಥೆ. 1876–78ರ ದೊಡ್ಡ ಬರ ಮೈಸೂರು ಸೀಮೆಯನ್ನು ಹಿಂಡಿ ಹಾಕಿದ ಮೇಲೆ ರೈಲುದಾರಿಯ ಕೆಲಸಕ್ಕೆ ವೇಗ ಬಂತು. ಹಣ ಸಾಲದೆ ಮೈಸೂರು ಸರ್ಕಾರ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಿತು, ಬಂಡವಾಳ ಲಂಡನ್ನಿನ ಸಾಲದಿಂದ ಬಂತು. 1889ರ ಹೊತ್ತಿಗೆ ಕಡೂರು, ಬೀರೂರು, ಅಜ್ಜಂಪುರದ ಮೇಲೆ ಹಾದು ಹರಿಹರದವರೆಗೆ ಹಳಿ ಬಿತ್ತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಕವಲು ಹೊರಟಿತು. ಅಲ್ಲಿಂದಾಚೆಗೆ ಬೀರೂರಿನ ಮಂಡಿಯ ದರ ಬೀರೂರಿನಲ್ಲೇ ನಿರ್ಧಾರವಾಗುವ ಕಾಲ ಮುಗಿಯಿತು.

ಆ ಕವಲುದಾರಿಯೇ ಮುಂದೆ ಭದ್ರಾವತಿಯನ್ನು ಸಾಧ್ಯವಾಗಿಸಿತು. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲ ಕಾಡಿನ ಇದ್ದಿಲು, ಭದ್ರಾ ನೀರು: ಇವನ್ನು ನಂಬಿ ಮೈಸೂರು ಸರ್ಕಾರ 1918ರಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ತೊಡಗಿತು. ಟಾಟಾ ಕಾರ್ಖಾನೆಗೆ ಸಲಹೆ ಕೊಟ್ಟಿದ್ದ ಅಮೆರಿಕದ ಎಂಜಿನಿಯರ್ ಸಿ. ಪಿ. ಪೆರಿನ್ ಇಲ್ಲಿಯೂ ಸಲಹೆಗಾರ. ಅದಿರು ಗುಡ್ಡದಿಂದ ತಣಿಗೆಬೈಲಿಗೆ ರೋಪ್‌ವೇ ಮೇಲೆ ಇಳಿಯುತ್ತಿತ್ತು. ಕಟ್ಟಿಗೆಯನ್ನು ಸುಮ್ಮನೆ ಇದ್ದಿಲು ಮಾಡುವುದರ ಬದಲು ಬಟ್ಟಿ ಇಳಿಸಿ ಮರದ ಆಲ್ಕೋಹಾಲ್, ಅಸಿಟೇಟ್ ತೆಗೆದರೆ ಖರ್ಚೂ ಗಿಟ್ಟುತ್ತದೆ ಎಂಬುದು ಲೆಕ್ಕ. ಮೊದಲ ಮಹಾಯುದ್ಧ ನಡೆಯುವಾಗ ಈ ಲೆಕ್ಕ ಸರಿಯಾಗಿಯೇ ಇತ್ತು. ಮದ್ದುಗುಂಡಿಗೆ ಬೇಕಾದ ಅಸಿಟೋನಿಗೆ ಲೋಕವೆಲ್ಲ ಹಾತೊರೆಯುತ್ತಿತ್ತು. ಕಾರ್ಖಾನೆ ಬೆಂಕಿ ಕಂಡದ್ದು 1923ರಲ್ಲಿ. ಅಷ್ಟರಲ್ಲಿ ಯುದ್ಧ ಮುಗಿದಿತ್ತು, ಕಬ್ಬಿಣದ ಬೆಲೆ ಕುಸಿದಿತ್ತು. ಅದೇ ವರ್ಷ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಮರದ ಹಂಗಿಲ್ಲದೆ ಮೆಥನಾಲ್ ತಯಾರಿಸುವ ಹಾದಿ ಹಿಡಿಯಿತು. ಹೊಸ ಕಾರ್ಖಾನೆಯ ಉಪ ಉತ್ಪನ್ನಗಳ ಮಾರುಕಟ್ಟೆಗೆ ಹುಟ್ಟಿದ ವರ್ಷವೇ ಕುತ್ತು ಬಂತು. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದು ಅದನ್ನು ನಿಲ್ಲಿಸಿಕೊಂಡರು. ಅವರ ಹಟ ದೊಡ್ಡದು. ಆದರೆ ತೂಗಿ ನೋಡುವಾಗ ಕಾಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲಕ್ಕವಳ್ಳಿ, ತರೀಕೆರೆ ಕಡೆಯ ಮರಗಳು ವರ್ಷಾನುಗಟ್ಟಲೆ ಇದ್ದಿಲಾಗಿ ಆ ಕುಲುಮೆಗೆ ಬಿದ್ದವು.

ಆಮೇಲಿನದು ಎಲ್ಲರೂ ಬಲ್ಲ ಮಹಾ ಆರ್ಥಿಕ ಕುಸಿತದ ಕತ್ತಲೆಯ ದಶಕ. 1930ರಲ್ಲಿ ಅಮೆರಿಕ ಸ್ಮೂಟ್–ಹಾಲಿ ಕಾಯಿದೆಯಿಂದ ಆಮದು ಸುಂಕ ಏರಿಸಿತು, ಉಳಿದ ದೇಶಗಳೂ ಬಾಗಿಲು ಹಾಕಿಕೊಂಡವು. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಕಿಂಡಲ್‌ಬರ್ಗರ್ 1973ರಲ್ಲಿ ಬರೆದ ಪುಸ್ತಕದಲ್ಲಿ ಈ ಕುಸಿತಕ್ಕೆ ಕೊಟ್ಟ ವಿವರಣೆ ಇಂದಿಗೂ ಚರ್ಚೆಯಲ್ಲಿದೆ: ವ್ಯವಸ್ಥೆಯನ್ನು ಹೊರಲು ಇಂಗ್ಲೆಂಡಿಗೆ ಶಕ್ತಿ ಉಳಿದಿರಲಿಲ್ಲ, ಅಮೆರಿಕಕ್ಕೆ ಮನಸ್ಸಿರಲಿಲ್ಲ. ಹೊರುವ ದೊಡ್ಡಣ್ಣ ಇಲ್ಲದಿದ್ದರೆ ಲೋಕವ್ಯಾಪಾರ ನೆಲೆನಿಲ್ಲದು ಎಂಬ ಸಿದ್ಧಾಂತ ಇದರಿಂದ ಬೆಳೆಯಿತು. 1984ರಲ್ಲಿ ರಾಜ್ಯಶಾಸ್ತ್ರಜ್ಞ ರಾಬರ್ಟ್ ಕಿಯೊಹೇನ್ ಇದನ್ನು ತಿದ್ದಿದರು. ದೊಡ್ಡಣ್ಣ ಸೋತರೂ ಅವನ ಕಾಲದಲ್ಲಿ ಕಟ್ಟಿದ ಸಂಸ್ಥೆಗಳು ಸಹಕಾರವನ್ನು ಉಳಿಸಬಲ್ಲವು ಎಂದರು. ಇಬ್ಬರಿಗಿಂತಲೂ ಮೊದಲೇ, 1950ರ ಸುಮಾರಿಗೆ, ಅರ್ಥಶಾಸ್ತ್ರಜ್ಞರಾದ ರೌಲ್ ಪ್ರೆಬಿಶ್ ಮತ್ತು ಹ್ಯಾನ್ಸ್ ಸಿಂಗರ್ ನಮಗೆ ಹತ್ತಿರದ ಮಾತೊಂದನ್ನು ಆಡಿದ್ದರು: ಕಚ್ಚಾ ಸರಕು ಮಾರುವ ದೇಶಗಳು ಒಂದು ಯಂತ್ರ ಕೊಳ್ಳಲು ಕಾಲಕಾಲಕ್ಕೆ ಹೆಚ್ಚು ಹೆಚ್ಚು ಸರಕು ಕೊಡಬೇಕಾಗಿ ಬರುತ್ತದೆ.

ಬ್ರೆಟನ್ ವುಡ್ಸ್‌ಗೆ ಹೋದ ಭಾರತದ ನಿಯೋಗದಲ್ಲಿ ಸಿ. ಡಿ. ದೇಶಮುಖ್, ಷಣ್ಮುಖಂ ಚೆಟ್ಟಿ, ಎ. ಡಿ. ಶ್ರಾಫ್ ಇದ್ದರು, ನಿಯೋಗದ ಮುಖ್ಯಸ್ಥರು ಮಾತ್ರ ಬ್ರಿಟಿಷ್ ಅಧಿಕಾರಿ ಜೆರೆಮಿ ರೈಸ್‌ಮನ್. ಅಲ್ಲಿಂದ ಹೊರಟ ಐಎಂಎಫ್, ವಿಶ್ವಬ್ಯಾಂಕ್ ಉಳಿದವು. ಮೂರನೆಯ ಕಂಬವಾಗಬೇಕಿದ್ದ ಅಂತರರಾಷ್ಟ್ರೀಯ ವ್ಯಾಪಾರ ಸಂಸ್ಥೆ ಮಾತ್ರ ಹುಟ್ಟಲೇ ಇಲ್ಲ. ಅದರ ಹವಾನಾ ಸನ್ನದಿನಲ್ಲಿ ಕೃಷಿ ಸರಕುಗಳ ಬೆಲೆ ಸ್ಥಿರವಾಗಿಡುವ ಒಪ್ಪಂದಗಳಿಗೆಂದೇ ಒಂದು ಅಧ್ಯಾಯವಿತ್ತು. ಅಮೆರಿಕದ ಸಂಸತ್ತು ಅನುಮೋದಿಸಲಿಲ್ಲ, ಸನ್ನದು ಬಿದ್ದುಹೋಯಿತು. ಉಳಿದ ಗ್ಯಾಟ್ ಒಪ್ಪಂದ ಸುಂಕದ ಮಾತಾಡಿತು, ಬೆಳೆಗಾರನ ಬೆಲೆಯ ಮಾತಾಡಲಿಲ್ಲ. ಇಡೀ ಚರಿತ್ರೆಯಲ್ಲಿ ನಮಗೆ ಹೆಚ್ಚು ದುಬಾರಿಯಾದ ನಷ್ಟ ಇದೇ ಎಂದು ನನಗೆ ಅನ್ನಿಸುತ್ತದೆ. ಕಾಫಿಯ ಕಥೆ ನೋಡಿದವರು ಇದನ್ನು ಒಪ್ಪಿಯಾರು.

ಕಾಫಿ ಈ ಗುಡ್ಡಕ್ಕೆ ಬಂದದ್ದೇ ಒಂದು ಏಕಸ್ವಾಮ್ಯವನ್ನು ದಾಟಿ. ಯೆಮನ್ನಿನಿಂದ ಬಾಬಾಬುಡನ್ ಏಳು ಬೀಜ ತಂದರೆಂಬ ಪ್ರತೀತಿಯನ್ನು ಇಲ್ಲಿ ಎಲ್ಲರೂ ಬಲ್ಲರು. ಲಿಂಗದಹಳ್ಳಿ, ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ ಕಡೆಯ ತೋಟಗಳು ತರೀಕೆರೆ ತಾಲ್ಲೂಕಿನ ಮಲೆನಾಡು ಭಾಗ. ಎರಡನೆಯ ಮಹಾಯುದ್ಧ ಯುರೋಪಿನ ಪೇಟೆಯನ್ನು ಮುಚ್ಚಿದಾಗ ಸರ್ಕಾರ 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯಿದೆ ತಂದಿತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕು. ಮಂಡಳಿ ಮಾರಿ, ಕಂತುಕಂತಾಗಿ ಹಣ ಕೊಡುತ್ತದೆ. ಕಂತು ತಡವಾಗಿ ಬರುತ್ತದೆಂದು ಬೆಳೆಗಾರರು ದಶಕಗಟ್ಟಲೆ ದೂರಿದರು, ದೂರಿನಲ್ಲಿ ನಿಜವಿತ್ತು. ಆದರೆ ಐದೆಕರೆಯವನಿಗೂ ಐನೂರು ಎಕರೆಯವನಿಗೂ ದರ್ಜೆ ಒಂದೇ ಆದರೆ ದರವೂ ಒಂದೇ ಸಿಗುತ್ತಿತ್ತು.

ಹೊರಗೆ 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದವಾಯಿತು. ಬೆಳೆಯುವ ದೇಶಗಳು ರಫ್ತಿಗೆ ಕೋಟಾ ಒಪ್ಪಿಕೊಂಡವು, ಕುಡಿಯುವ ದೇಶಗಳು ಆ ಕೋಟಾವನ್ನು ಕಾಯಲು ಒಪ್ಪಿದವು. ಅಗ್ಗದ ಕಾಫಿ ಬೇಕಾದ ಅಮೆರಿಕ ಬೆಲೆ ಏರಿಸುವ ಕೂಟಕ್ಕೆ ಯಾಕೆ ಸೇರಿತು? 1959ರಲ್ಲಿ ಕ್ಯೂಬಾ ಕೈತಪ್ಪಿತ್ತು. ಬ್ರೆಜಿಲ್, ಕೊಲಂಬಿಯಾ, ಮಧ್ಯ ಅಮೆರಿಕದ ಬಡ ಬೆಳೆಗಾರರು ಅದೇ ಹಾದಿ ಹಿಡಿಯದಂತೆ ನೋಡಿಕೊಳ್ಳಲು ನಾಲ್ಕು ಕಾಸು ಹೆಚ್ಚು ಕೊಡುವುದು ಲಾಭವೆಂದು ಅದಕ್ಕೆ ತೋರಿತು. ಸೋವಿಯತ್ತಿನ ಭಯ ಕಾಫಿಗೆ ಬೆಲೆ ತಂದಿತು. 1980ರ ದಶಕದಲ್ಲಿ ಒಪ್ಪಂದದ ಗುರಿ ಪೌಂಡಿಗೆ 120ರಿಂದ 140 ಸೆಂಟ್. ನಮ್ಮ ಕೋಟಾ ಚಿಕ್ಕದು. ಅದರ ಹೊರಗೆ ಉಳಿದದ್ದನ್ನು ಸೋವಿಯತ್ ಒಕ್ಕೂಟ ರೂಪಾಯಿ ವ್ಯಾಪಾರದಲ್ಲಿ ಕೊಳ್ಳುತ್ತಿತ್ತು. ಬಾಬಾಬುಡನ್ ಇಳಿಜಾರಿನ ಬೆಳೆಗಾರನಿಗೆ ಎರಡು ಬಣಗಳ ಜಗಳದಿಂದ ಎರಡು ಪೇಟೆ ಸಿಕ್ಕಿದ್ದವು.

ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಹೋದವು. 1989ರ ಜುಲೈನಲ್ಲಿ ಕೋಟಾ ವ್ಯವಸ್ಥೆ ಕುಸಿಯಿತು. ಬ್ರೆಜಿಲ್ ತನ್ನ ಪಾಲು ಬಿಡಲೊಪ್ಪಲಿಲ್ಲ, ಕೋಟಾದ ಹೊರಗೆ ಅಗ್ಗವಾಗಿ ಸೋರುತ್ತಿದ್ದ ಕಾಫಿಯ ಬಗ್ಗೆ ಅಮೆರಿಕಕ್ಕೆ ಸಿಟ್ಟಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕಮ್ಯುನಿಸಂ ಭಯ ಕರಗುತ್ತಿದ್ದುದರಿಂದ ಅಮೆರಿಕಕ್ಕೆ ಒಪ್ಪಂದದ ಅಗತ್ಯವೇ ಕಡಿಮೆಯಾಗಿತ್ತು. ಅದೇ ವರ್ಷದ ನವೆಂಬರಿನಲ್ಲಿ ಬರ್ಲಿನ್ ಗೋಡೆ ಬಿತ್ತು, 1991ರ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಮಂಡಳಿಯ ಪೂಲಿಂಗ್ 1992ರಿಂದ ಹಂತಹಂತವಾಗಿ ಸಡಿಲವಾಗಿ 1996ರಲ್ಲಿ ಪೂರ್ತಿ ನಿಂತಿತು. ಬ್ರೆಜಿಲ್ಲಿನ ಹೆಪ್ಪುಗಟ್ಟಿಸುವ ಚಳಿಯಿಂದ 1994ರಲ್ಲಿ ಬೆಲೆ ಜಿಗಿದಾಗ ಮುಕ್ತ ಮಾರುಕಟ್ಟೆಯೇ ಸರಿ ಎಂದವರು ಬಹಳ. ಅಷ್ಟರಲ್ಲಿ ವಿಯೆಟ್ನಾಂ ಬೆಳೆಯತೊಡಗಿ ಶತಮಾನದ ತಿರುವಿಗೆ ಬ್ರೆಜಿಲ್ಲಿನ ನಂತರದ ಸ್ಥಾನಕ್ಕೆ ಬಂತು. 2001ರಲ್ಲಿ ಅಂತರರಾಷ್ಟ್ರೀಯ ಸರಾಸರಿ ಬೆಲೆ ಪೌಂಡಿಗೆ ಸುಮಾರು 45 ಸೆಂಟಿಗೆ ಇಳಿಯಿತು, ಒಪ್ಪಂದ ಕಾಲದ ಗುರಿಯ ಮೂರನೇ ಒಂದು ಪಾಲಿಗೆ. ತೋಟದವರು ಸಾಲದಲ್ಲಿ ಮುಳುಗಿದರು. ಬಯಲುಸೀಮೆಯಿಂದ ಕೊಯ್ಲಿಗೆ ಹೋಗುತ್ತಿದ್ದ ಕೂಲಿಯವರಿಗೆ ಕೆಲಸವೇ ಕಡಿಮೆಯಾಯಿತು. ಅವರ ನಷ್ಟ ಯಾವ ಬ್ಯಾಂಕಿನ ಪುಸ್ತಕದಲ್ಲೂ ಇಲ್ಲ. ದೊಡ್ಡಣ್ಣನ ಸ್ವಾರ್ಥದ ಮೇಲೆ ನಿಂತ ಸಹಕಾರ ಆ ಸ್ವಾರ್ಥ ತೀರಿದ ದಿನ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನಾನು ಕಂಡಿಲ್ಲ. ಕಿಯೊಹೇನ್ ನಂಬಿದ್ದಂಥ ಸಂಸ್ಥೆ, ಆ ಒಪ್ಪಂದದಿಂದ ಹುಟ್ಟಿದ ಕಾಫಿ ಸಂಸ್ಥೆ, ಲಂಡನ್ನಿನಲ್ಲಿ ಇನ್ನೂ ಇದೆ, ಅಂಕಿಅಂಶ ಪ್ರಕಟಿಸುತ್ತದೆ; ಬೆಲೆ ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ.

ಕುದುರೆಮುಖ ಇನ್ನೊಂದು ಬಗೆಯದು. ಅದು ಅಂದು ಮೂಡಿಗೆರೆ ತಾಲ್ಲೂಕಿನ ಗುಡ್ಡವಾಗಿದ್ದರೂ ಅದರ ಕೆಸರು ಬಂದು ಸೇರಿದ್ದು ತರೀಕೆರೆ ತಾಲ್ಲೂಕಿಗೆ. 1973ರಲ್ಲಿ ತೈಲ ಬೆಲೆ ಏರಿ ಇರಾನಿನ ಷಾ ಕೈಯಲ್ಲಿ ಹಣ ತುಂಬಿತ್ತು. 1975ರ ನವೆಂಬರಿನಲ್ಲಿ ಒಪ್ಪಂದವಾಯಿತು: ಇರಾನ್ 63 ಕೋಟಿ ಡಾಲರ್ ಸಾಲ ಕೊಡುತ್ತದೆ, 21 ವರ್ಷಗಳಲ್ಲಿ 15 ಕೋಟಿ ಟನ್ ಅದಿರು ಪುಡಿ ಕೊಳ್ಳುತ್ತದೆ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಅಮೆರಿಕ, ಯುರೋಪುಗಳ ಹಂಗಿಲ್ಲದೆ ಇಬ್ಬರು ಏಷ್ಯನ್ನರು ಮಾಡಿಕೊಂಡ ಈ ಒಪ್ಪಂದವನ್ನು ಅಂದಿನವರು ಹೊಸ ಯುಗದ ಮಾದರಿ ಎಂದೇ ಬಗೆದರು. 1979ರಲ್ಲಿ ಷಾ ಓಡಿದ, ಹೊಸ ಸರ್ಕಾರಕ್ಕೆ ಅದಿರು ಬೇಡವಾಯಿತು. ಗಣಿ, ಮಂಗಳೂರಿಗೆ ಹೋಗುವ ಕೊಳವೆ, ಬಂದರಿನ ಘಟಕ ಎಲ್ಲವೂ ಸಿದ್ಧವಾದ ಹೊತ್ತಿಗೆ ಕೊಳ್ಳುವವನೇ ಇರಲಿಲ್ಲ. ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿ, ಮಂಗಳೂರಿನಲ್ಲಿ ಉಂಡೆ ಅದಿರಿನ ಘಟಕ ಕಟ್ಟಿ ಚೇತರಿಸಿಕೊಂಡಿತು. ನಷ್ಟ ತುಂಬಲು ಗಣಿ ನಡೆಯಲೇಬೇಕಿತ್ತು, ನಡೆದಷ್ಟು ಕಾಲ ಮುಂಗಾರಿನಲ್ಲಿ ಹೂಳು ಭದ್ರೆಗೆ ಇಳಿಯಿತು. ಲಕ್ಕವಳ್ಳಿಯ ಜಲಾಶಯದವರೆಗಿನ ಆ ಹೊಳೆಯ ಪಾಡು ಸುಪ್ರೀಂ ಕೋರ್ಟಿನ ಮೊಕದ್ದಮೆಯಲ್ಲಿ ಮುಖ್ಯ ವಾದವಾಯಿತು. 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಅದಿರು ವ್ಯಾಪಾರದ ಲಾಭ ನಷ್ಟದ ಪಟ್ಟಿಯಲ್ಲಿ ಭದ್ರಾ ಅಚ್ಚುಕಟ್ಟಿನ ರೈತನ ಹೆಸರು ಎಲ್ಲೂ ಇರಲಿಲ್ಲ.

ಕುದುರೆಮುಖದ ಗಣಿ ಇನ್ನೂ ನಡೆಯುತ್ತಿದ್ದಾಗಲೇ ಗ್ಯಾಟ್ ಮಾತುಕತೆ ಕೃಷಿಗೂ ಬಂತು. ಆ ಮಾತುಕತೆಯಲ್ಲಿ ಸಿದ್ಧವಾದ ಡಂಕೆಲ್ ಕರಡಿನ ವಿರುದ್ಧ ಪ್ರೊ. ಎಂ. ಡಿ. ನಂಜುಂಡಸ್ವಾಮಿ ಅವರ ರೈತ ಸಂಘ 1992ರ ಡಿಸೆಂಬರಿನಲ್ಲಿ ಬೀಜದ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿತು. 1993ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಲಕ್ಷಾಂತರ ರೈತರು ಸೇರಿದರು. ಮಹಾರಾಷ್ಟ್ರದ ರೈತ ನಾಯಕ ಶರದ್ ಜೋಶಿ ಇದಕ್ಕೆ ನೇರ ವಿರುದ್ಧ ನಿಂತರು: ರೈತನನ್ನು ಕೊಲ್ಲುತ್ತಿರುವುದು ದಿಲ್ಲಿಯ ನಿರ್ಬಂಧ, ಲೋಕದ ಪೇಟೆ ತೆರೆದರೆ ಅವನು ಉಸಿರಾಡುತ್ತಾನೆ ಎಂಬುದು ಅವರ ವಾದ. ಈ ಜಗಳವನ್ನು ಇಂದು ಅಡಿಕೆ ಮತ್ತು ಈರುಳ್ಳಿಯ ನಡುವೆ ನಿಂತು ನೋಡಿದರೆ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯ ಕಾಣುತ್ತದೆ.

ಅಡಿಕೆಗೆ ಆಮದೇ ಶತ್ರು. ಬೋರ್‌ವೆಲ್ ಬಂದ ಮೇಲೆ ಅಡಿಕೆ ತರೀಕೆರೆಯಿಂದ ಕಡೂರು, ಅಜ್ಜಂಪುರದ ಬಯಲಿಗೂ ಹರಡಿದೆ. ಅಂತರ್ಜಲ ಬತ್ತಿದರೂ ಟ್ಯಾಂಕರ್ ನೀರಿನಲ್ಲಿ ತೋಟ ಉಳಿಸಿಕೊಳ್ಳುವವರಿದ್ದಾರೆ. 2000ದಲ್ಲಿ ಜಾರಿಗೆ ಬಂದ ಶ್ರೀಲಂಕಾ ಒಪ್ಪಂದ, ಆಮೇಲಿನ ಸಾರ್ಕ್ ಒಪ್ಪಂದಗಳ ದಾರಿಯಲ್ಲಿ ಬೇರೆ ದೇಶದ ಮಾಲೂ ನುಸುಳುತ್ತದೆ ಎಂಬುದು ಬೆಳೆಗಾರರ ಹಳೆಯ ದೂರು. ಇದಕ್ಕೆ ಸರ್ಕಾರ ಹಿಡಿದ ತಡೆ ಕನಿಷ್ಠ ಆಮದು ಬೆಲೆ: 2017ರಲ್ಲಿ ಕಿಲೋಗೆ 251 ರೂಪಾಯಿ, 2023ರ ಫೆಬ್ರುವರಿಯಲ್ಲಿ 351 ರೂಪಾಯಿ. ಆದರೆ 2022ರ ಸೆಪ್ಟೆಂಬರಿನಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಈ ತಡೆಯಿಲ್ಲದೆ ಬರಲು ಅನುಮತಿ ಸಿಕ್ಕಿತು. ಭೂತಾನ್ ಚೀನಾದ ಗಡಿಯ ದೇಶ, ಅದರ ಸ್ನೇಹ ಭಾರತಕ್ಕೆ ಬೇಕು. ಡೋಕ್ಲಾಮಿನ ಬಿಕ್ಕಟ್ಟು ಕಂಡ ಯಾರಿಗಾದರೂ ಇದು ಅರ್ಥವಾಗುತ್ತದೆ. ಆ ಸ್ನೇಹದ ಖರ್ಚು ದೇಶವೆಲ್ಲ ಹಂಚಿಕೊಳ್ಳಬೇಕಾದದ್ದು. ಅಡಿಕೆ ಬೆಳೆಯುವ ಕೆಲವೇ ಜಿಲ್ಲೆಗಳು ಹೊರಬೇಕೆಂದರೆ ನ್ಯಾಯವಲ್ಲ. ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ವರ್ಗೀಕರಿಸಿದೆ ಎಂಬುದನ್ನೂ ಬೆಳೆಗಾರರ ಸಭೆಗಳು ಕಣ್ಣಿಟ್ಟು ಓದಬೇಕು, ಆಮದು ತಡೆಯೊಂದೇ ಈ ಬೆಳೆಯನ್ನು ಕಾಯಲಾರದು.

ಅಡಿಕೆ, ತೆಂಗು ಎರಡಕ್ಕೂ ಪೊಟ್ಯಾಷ್ ಹೆಚ್ಚು ಬೇಕು, ಭಾರತ ತನಗೆ ಬೇಕಾದ ಪೊಟ್ಯಾಷನ್ನೆಲ್ಲ ಹೊರಗಿನಿಂದ ತರುತ್ತದೆ. ಬೆಲಾರೂಸ್ ಮೇಲೆ ನಿರ್ಬಂಧ ಬಿದ್ದು, 2022ರಲ್ಲಿ ಯುಕ್ರೇನ್ ಯುದ್ಧ ಹತ್ತಿಕೊಂಡಾಗ ಐವತ್ತು ಕಿಲೋ ಚೀಲ 1,700 ರೂಪಾಯಿಗೆ ಏರಿತು. ಗ್ಯಾಟ್‌ನ ಜಾಗಕ್ಕೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ವ್ಯಾಪಾರದ ಜಗಳ ತೀರಿಸಬೇಕಾದ ಮೇಲ್ಮನವಿ ಪೀಠವೂ, ಅಮೆರಿಕ ಹೊಸ ಸದಸ್ಯರ ನೇಮಕ ತಡೆದದ್ದರಿಂದ 2019ರ ಡಿಸೆಂಬರಿನಿಂದ ಕೆಲಸ ನಿಲ್ಲಿಸಿದೆ. ದೊಡ್ಡವರು ನಿಯಮ ಮುರಿದರೆ ಕೊನೆಯ ಮಾತು ಹೇಳುವವರು ಇಂದು ಅಲ್ಲಿಲ್ಲ.

ಈರುಳ್ಳಿಗೆ ಮಾತ್ರ ಶತ್ರು ನಮ್ಮದೇ ಬಾಗಿಲು. ಅಜ್ಜಂಪುರ, ಶಿವನಿ, ಕಡೂರು ಕಡೆಯ ಈರುಳ್ಳಿ ಮಳೆಯಾಧಾರದ ಮುಂಗಾರಿ ಬೆಳೆ, ಕಿತ್ತ ಮೇಲೆ ಬಹಳ ದಿನ ತಡೆಯುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕಿತ್ತು, ಒಣಗಿಸಿ, ಸಿಕ್ಕ ದರಕ್ಕೆ ಲಾರಿ ಹತ್ತಿಸಲೇಬೇಕು. ರಫ್ತು ನಿಷೇಧದ ದಿನಾಂಕಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ: 2019ರ ಸೆಪ್ಟೆಂಬರ್ 29, 2020ರ ಸೆಪ್ಟೆಂಬರ್ 14. 2023ರಲ್ಲಿ ಆಗಸ್ಟಿನಲ್ಲೇ ಶೇ. 40ರ ರಫ್ತು ಸುಂಕ, ಡಿಸೆಂಬರ್ 8ರಿಂದ ಪೂರ್ತಿ ನಿಷೇಧ, ಅದು ತೆರವಾದದ್ದು 2024ರ ಮೇ ತಿಂಗಳಲ್ಲಿ. ಪೇಟೆಯಲ್ಲಿ ಬೆಲೆ ಏರುವುದು ಹಳೆಯ ದಾಸ್ತಾನು ಮುಗಿಯುವ ಹೊತ್ತಿಗೆ, ನಮ್ಮ ಹೊಸ ಬೆಳೆ ಬರುವುದೂ ಆಗಲೇ. ಹೀಗಾಗಿ ಪಟ್ಟಣದವರನ್ನು ಕಾಯುವ ಆದೇಶ ಪ್ರತಿ ಸಲವೂ ಕರ್ನಾಟಕದ ಮುಂಗಾರಿ ಬೆಳೆಗಾರನ ತಲೆ ಮೇಲೇ ಬೀಳುತ್ತದೆ. ಇಲ್ಲಿ ಶರದ್ ಜೋಶಿ ಹೇಳಿದ್ದು ನಿಜ. 2020ರಲ್ಲಿ ಬೆಂಗಳೂರು ರೋಸ್ ತಳಿಗೆ 10,000 ಟನ್ ವಿನಾಯಿತಿ ಸಿಕ್ಕಿತು, ಅದು ಕೋಲಾರ, ಚಿಕ್ಕಬಳ್ಳಾಪುರದ ಬೆಳೆ. ಅಜ್ಜಂಪುರದ ಗೆಡ್ಡೆಗೆ ಅದರಿಂದ ಏನೂ ಸಿಗಲಿಲ್ಲ.

ಗಡಿಯಾಚೆಯವರ ಪಾಡನ್ನೂ ನೋಡಬೇಕು. 2019ರ ಅಕ್ಟೋಬರಿನಲ್ಲಿ ದಿಲ್ಲಿಗೆ ಬಂದಿದ್ದ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ, ಮೊದಲೇ ಒಂದು ಮಾತು ತಿಳಿಸಿದ್ದರೆ ಬೇರೆ ಕಡೆಯಿಂದ ತರಿಸಿಕೊಳ್ಳುತ್ತಿದ್ದೆವು ಎಂದು ವೇದಿಕೆಯಲ್ಲೇ ಹೇಳಿದರು. ಇರಾನ್ ನಮಗೆ ಮಾಡಿದ್ದನ್ನು ನಾವು ಢಾಕಾಕ್ಕೆ ಮಾಡಿದೆವು. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದಲ್ಲಿ ಆಮದಿಗೆ ಸಂಬಂಧಿಸಿದ ನಿಯಮಗಳು ಪುಟಗಟ್ಟಲೆ ಇವೆ; ರಫ್ತು ತಡೆಗೆ ಇರುವುದು 12ನೇ ಕಲಂ ಒಂದೇ. ಕೊಳ್ಳುವ ದೇಶದ ಆಹಾರ ಭದ್ರತೆಯನ್ನು ಗಮನದಲ್ಲಿಡಿ, ಮುಂಚೆ ತಿಳಿಸಿ ಎಂದು ಅದು ಹೇಳುತ್ತದೆ, ಅದರಲ್ಲೂ ಅಭಿವೃದ್ಧಿಶೀಲ ದೇಶಗಳಿಗೆ ಬಹುಮಟ್ಟಿಗೆ ವಿನಾಯಿತಿ ಇದೆ. ಬೆಳೆದವನಿಗೆ ಮುಂಚೆ ತಿಳಿಸಬೇಕೆಂಬ ಕಲಂ ಎಲ್ಲೂ ಇಲ್ಲ.

ಇದನ್ನು ಜಿನೀವಾದಲ್ಲಿ ಬರೆಸುವುದು ಕಷ್ಟ, ದಿಲ್ಲಿಯಲ್ಲಿ ಬರೆಯುವುದು ಕಷ್ಟವಲ್ಲ. ಕೇಂದ್ರದ ಬೆಲೆ ಸ್ಥಿರೀಕರಣ ನಿಧಿಯಿಂದ 2023ರಲ್ಲಿ ಐದು ಲಕ್ಷ ಟನ್ ಈರುಳ್ಳಿ ಕೊಂಡು ದಾಸ್ತಾನು ಮಾಡಲು ಹೊರಟರು. ಕೊಳ್ಳುವುದು ಮುಖ್ಯವಾಗಿ ಮಹಾರಾಷ್ಟ್ರದ ಹಿಂಗಾರಿ ಬೆಳೆಯನ್ನು, ಏಕೆಂದರೆ ಅದು ತಡೆಯುತ್ತದೆ. ಮುಂಗಾರಿ ಗೆಡ್ಡೆ ದಾಸ್ತಾನಿಗೆ ಬಾರದು ಎಂಬುದು ಸರಿಯೇ. ಹಾಗಾದರೆ ಕಡೂರು, ಅಜ್ಜಂಪುರದಲ್ಲಿ ಬಿತ್ತನೆ ಶುರುವಾಗುವ ಮೊದಲು, ಮೇ ತಿಂಗಳಲ್ಲೇ, ಆ ವರ್ಷದ ರಫ್ತು ನೀತಿ ಪ್ರಕಟವಾಗಲಿ. ನಡುವೆ ಬದಲಾಯಿಸಲೇಬೇಕಾಗಿ ಬಂದರೆ ಆದೇಶ ಹೊರಟ ದಿನದ ದರಕ್ಕೂ ಆಮೇಲೆ ಮಂಡಿಯಲ್ಲಿ ಸಿಕ್ಕ ದರಕ್ಕೂ ಇರುವ ಅಂತರವನ್ನು ಅದೇ ನಿಧಿಯಿಂದ ಬೆಳೆಗಾರನ ಖಾತೆಗೆ ಹಾಕಲಿ.